ಗೊತ್ತಿಲ್ಲದ ಊರೊಳಗೆ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕರಾವಳಿ ಸೈಕಲ್ ಪ್ರವಾಸದ ಬಗ್ಗೆ ಕೇಳಿ ಬಂದ ಪತ್ರಗಳಲ್ಲಿ ಹೆಚ್ಚಿನವು ದೊಡ್ಡ ಊರುಗಳ ಬಗ್ಗೆಯೇ ಇವೆ. ಹೆದ್ದಾರಿಯಲ್ಲಿ ದಿನಕ್ಕೆ 100 ಕಿಲೋಮೀಟರ್ ತುಳಿಯುವವರಿಗೂ ನಗರ ಬಂತೆಂದರೆ ಕೈ ನಡುಗುತ್ತದೆ. ಅದಕ್ಕೇ ಈ ಸಲ ಪೂರ್ತಿ ಜಾಗ ಅದಕ್ಕೇ ಬಿಟ್ಟಿದ್ದೇವೆ. ಮೊದಲ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಕೇಳಿದವರು ಒಂದು ಊರಿನ ಹೆಸರು ಹೇಳಿಯೇ ಕೇಳಿದ್ದರಿಂದ ದಾರಿಯನ್ನೂ ಬಿಡಿಸಿ ಹೇಳಬೇಕಾಯಿತು.

ಪ್ರಶ್ನೆ: ನಮಸ್ಕಾರ ಮೇಡಂ. ನಾನು, ನನ್ನ ಗೆಳೆಯ ಇಬ್ಬರೂ ಐವತ್ತರ ಆಸುಪಾಸಿನವರು. ಡಿಸೆಂಬರ್‌ನಲ್ಲಿ ಕುಂದಾಪುರದಿಂದ ಕನ್ಯಾಕುಮಾರಿಗೆ ಸೈಕಲ್‌ನಲ್ಲಿ ಹೋಗಬೇಕೆಂದಿದ್ದೇವೆ. ಉಳಿದ ದಾರಿಗೆ ಹೆದರಿಕೆ ಇಲ್ಲ, ಕೊಚ್ಚಿಯದ್ದೇ ಚಿಂತೆ. ಮೊದಲು ಹೋಗಿ ಬಂದವರು "ಒಂದು ಪಿಕಪ್ ಮಾಡಿಕೊಂಡು ಕೊಚ್ಚಿ ದಾಟಿಬಿಡಿ, ಅಲ್ಲಿ ನೋಡೋದಕ್ಕೂ ಆಗಲ್ಲ, ತುಳಿಯೋದಕ್ಕೂ ಆಗಲ್ಲ" ಅನ್ನುತ್ತಾರೆ. ನಮಗೆ ಮಲಯಾಳ ಓದಲು ಬರುವುದಿಲ್ಲ. ಏನು ಮಾಡೋಣ? (ಕುಂದಾಪುರದ ಓದುಗರು)

ಪಿಕಪ್ ಬೇಡ ಸರ್. ಕೊಚ್ಚಿಯನ್ನು ದಯವಿಟ್ಟು ಬಿಡಬೇಡಿ.

ನಿಮಗೆ ಹಾಗೆ ಹೇಳಿದವರು ಹೋದ ದಾರಿ ಯಾವುದು ಅಂತ ಊಹಿಸಬಲ್ಲೆ. ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಸೀದಾ ವರಾಪುಳ, ಇಡಪ್ಪಳ್ಳಿ, ವೈಟ್ಟಿಲ, ಕುಂಡನ್ನೂರು, ಅರೂರು. ಆ ದಾರಿಯಲ್ಲಿ ಹೋದರೆ ಕೊಚ್ಚಿ ಅಂದರೆ ಫ್ಲೈಓವರ್, ಟ್ರಕ್ಕು, ಧೂಳು ಇಷ್ಟೇ. ಇಡಪ್ಪಳ್ಳಿಗೆ ಮುಂಚೆ ಹೆದ್ದಾರಿ ಅಗಲ ಮಾಡುವ ಕೆಲಸ, ಆಚೆ ಅರೂರಿನಿಂದ ತುರವೂರಿನವರೆಗೆ ಕಂಬದ ಮೇಲಿನ ರಸ್ತೆ ಕಟ್ಟುವ ಕೆಲಸ. ಈ ಕಾಮಗಾರಿ ಶುರುವಾದಾಗಿನಿಂದ ಅರೂರಿನ ಕಡೆ ಬೈಕಿನವರೇ ಉಸಿರು ಬಿಗಿಹಿಡಿದು ಹೋಗುತ್ತಾರೆ, ಸೈಕಲ್‌ನವರ ಕಷ್ಟ ಕೇಳಲೇಬೇಡಿ. ಆ ದಾರಿಯಲ್ಲಿ ಒದ್ದಾಡಿದವರು ಊರನ್ನೇ ಬೈದರೆ ತಪ್ಪು ಊರಿನದ್ದಲ್ಲ. ಕೊಚ್ಚಿ ಹುಟ್ಟಿದ್ದೇ ನೀರಿನ ಮೇಲೆ, ಅದರ ಹಳೆಯ ಬಾಗಿಲು ಕಡಲ ಕಡೆಗಿದೆ. ಸೈಕಲ್‌ನವರು ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು.

ಹೀಗೆ ಮಾಡಿ. ಹಿಂದಿನ ರಾತ್ರಿ ಕೊಡುಂಗಲ್ಲೂರಿನಲ್ಲಿ ಉಳಿಯಿರಿ. ಪೊನ್ನಾನಿಯಿಂದ ಗುರುವಾಯೂರು ಮೇಲೆ ಬಂದರೆ ಅದು ಸರಿಯಾಗಿ ಒಂದು ದಿನದ ದಾರಿ. ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೊರಡಿ. ಕೋಟ್ಟಪ್ಪುರಂ ಸೇತುವೆ ದಾಟಿ ಮೂತ್ತಕುನ್ನಂವರೆಗೆ ಹೆದ್ದಾರಿಯೇ. ಅಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿ ಮಾಲ್ಯಂಕರ, ಮುನಂಬಂ ಕಡೆ ಹೋಗಿ. ಈ ಒಂದು ತಿರುವಿನಲ್ಲಿ ದಿನವೇ ಬದಲಾಗುತ್ತದೆ. ಲಾರಿ ಸದ್ದು ಹಿಂದೆ ಉಳಿಯುತ್ತದೆ, ಎರಡೂ ಕಡೆ ಹಿನ್ನೀರು, ಮೀನುದೋಣಿಗಳು, ಬೆಳಿಗ್ಗೆ ಶಾಲೆಗೆ ಹೊರಟ ಮಕ್ಕಳು. ಆಮೇಲೆ ನೀವು ವೈಪ್ಪಿನ್ ದ್ವೀಪದಲ್ಲಿದ್ದೀರಿ. ಸುಮಾರು 25 ಕಿಲೋಮೀಟರ್ ಉದ್ದದ, ಅಗಲವೇ ಇಲ್ಲದ ದ್ವೀಪ. 1341ರ ದೊಡ್ಡ ಪ್ರವಾಹದಲ್ಲಿ ಪೆರಿಯಾರ್ ನದಿ ಹೊತ್ತು ತಂದ ಮಣ್ಣಿನಿಂದ ಇದು ಹುಟ್ಟಿತು, ಅದೇ ಪ್ರವಾಹದಲ್ಲಿ ಹಳೆಯ ಮುಜಿರಿಸ್ ಬಂದರು ಹೂಳು ತುಂಬಿ ಹೋಗಿ ಕೊಚ್ಚಿಯ ಅಳಿವೆ ತೆರೆದುಕೊಂಡಿತು ಅಂತ ಅಲ್ಲಿಯವರು ಹೇಳುತ್ತಾರೆ.

ದ್ವೀಪದ ಉತ್ತರದ ತುದಿಯಲ್ಲಿ ಪಳ್ಳಿಪ್ಪುರಂ ಕೋಟೆ ಇದೆ. 1503ರಲ್ಲಿ ಪೋರ್ಚುಗೀಸರು ಕಟ್ಟಿದ, ಆರು ಮೂಲೆಯ ಸಣ್ಣ ಕಟ್ಟಡ. ಐದು ನಿಮಿಷ ಸಾಕು, ಆದರೆ ನಿಂತು ನೋಡಿ. ಮಧ್ಯಾಹ್ನ ನೀವು ನೋಡಲಿರುವ ಫೋರ್ಟ್ ಕೊಚ್ಚಿಯ ಕಥೆ ಇಲ್ಲಿಂದಲೇ ಶುರುವಾಗುತ್ತದೆ.

ಮುನಂಬಂನಿಂದ ಚೆರಾಯಿವರೆಗೆ ಕಡಲ ದಂಡೆಯ ರಸ್ತೆ ಹಿಡಿಯಿರಿ. ಬಲಕ್ಕೆ ಸಮುದ್ರ, ಎಡಕ್ಕೆ ಹಿನ್ನೀರು. ಅಲ್ಲಿ ನೀರು ನಿಂತ ಗದ್ದೆಗಳು ಕಾಣುತ್ತವಲ್ಲ, ಅವು ಪೊಕ್ಕಾಳಿ ಗದ್ದೆಗಳು. ಮಳೆಗಾಲದಲ್ಲಿ ನೀರಿನ ಉಪ್ಪು ತಗ್ಗಿದಾಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ. ನೀವು ಡಿಸೆಂಬರ್‌ನಲ್ಲಿ ಹೋಗುವುದರಿಂದ ಸಿಗಡಿ ಕಾಲ. ತೂಬಿನ ಬಾಯಿಗೆ ಬಲೆ ಕಟ್ಟಿಕೊಂಡು ಕೂತವರು ಕಾಣಬಹುದು. ನಮ್ಮ ಕುಮಟಾ ಕಡೆ ಅಘನಾಶಿನಿ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವುದೂ ಹೀಗೇ ಅಲ್ವಾ? ಆ ಗದ್ದೆ ನೋಡಿದವರು ಇಲ್ಲಿ ಸೈಕಲ್ ನಿಲ್ಲಿಸದೆ ಮುಂದೆ ಹೋಗಲಾರರು. ಈ ಗದ್ದೆಗಳು ನಮ್ಮಲ್ಲೂ ಅವರಲ್ಲೂ ಕಡಿಮೆಯಾಗುತ್ತಿವೆ. ನೋಡುವಾಗ ಹೊಟ್ಟೆ ಉರಿಯುತ್ತದೆ.

ಚೆರಾಯಿ ಆದಮೇಲೆ ದ್ವೀಪದ ಮುಖ್ಯ ರಸ್ತೆಗೆ ಬರಬೇಕು. ರಸ್ತೆ ಕಿರಿದು, ಖಾಸಗಿ ಬಸ್ಸುಗಳು ಬಹಳ. ಬಸ್ಸಿನ ವಿಷಯ ಮುಂದಿನ ಉತ್ತರದಲ್ಲಿದೆ, ಅದನ್ನು ಓದಿಯೇ ಹೊರಡಿ. ಇಲ್ಲಿ ನಿಮ್ಮ ಫೋನಿನ ನಕ್ಷೆ ಒಂದು ಕಿತಾಪತಿ ಮಾಡುತ್ತದೆ: ಕೊಚ್ಚಿ ಅಂತ ಹಾಕಿದರೆ ಗೋಶ್ರೀ ಸೇತುವೆಗಳ ಮೇಲೆ ಎರ್ನಾಕುಲಂ ಹೈಕೋರ್ಟ್ ಕಡೆಗೆ ಕರೆದುಕೊಂಡು ಹೋಗುತ್ತದೆ. ಆ ಸೇತುವೆಗಳು 2004ರಲ್ಲಿ ಬಂದವು. ಅಲ್ಲಿಯವರೆಗೆ ವೈಪ್ಪಿನ್‌ನವರು ಪೇಟೆಗೆ ಹೋಗಬೇಕಾದರೆ ದೋಣಿಯೇ ಗತಿ. ಸೇತುವೆ ಊರಿನವರಿಗೆ ವರ, ನಿಮಗೆ ಬೇಡ. ನಕ್ಷೆಯಲ್ಲಿ "ವೈಪ್ಪಿನ್ ಜೆಟ್ಟಿ" ಅಂತಲೇ ಹಾಕಿ, ಹಿಂದಿನ ರಾತ್ರಿಯೇ ಆ ಭಾಗವನ್ನು ಇಂಟರ್‌ನೆಟ್ ಇಲ್ಲದೆಯೂ ಕಾಣುವಂತೆ ಇಳಿಸಿಕೊಳ್ಳಿ.

ಜೆಟ್ಟಿಯಲ್ಲಿ ರೋ-ರೋ ಸಿಗುತ್ತದೆ. ವಾಹನಗಳನ್ನು ಹೊತ್ತು ಆಚೆ ದಡದ ಫೋರ್ಟ್ ಕೊಚ್ಚಿಗೆ ದಾಟಿಸುವ ಚಪ್ಪಟೆ ಹಡಗು. 2018ರಿಂದ ಓಡುತ್ತಿದೆ, ಕಟ್ಟಿದ್ದು ಅಲ್ಲಿಯದೇ ಕೊಚ್ಚಿನ್ ಶಿಪ್‌ಯಾರ್ಡ್. ಸೇತುವೆ ಮೇಲೆ ಸುತ್ತಿ ಹೋದರೆ ಅರ್ಧ ಊರು ತುಳಿಯಬೇಕಾದ ಕಡೆಗೆ ಇದು ಕೆಲವೇ ನಿಮಿಷದಲ್ಲಿ ಮುಟ್ಟಿಸುತ್ತದೆ. ಟಿಕೆಟ್ ಅಗ್ಗ, ಚಿಲ್ಲರೆ ಕೈಯಲ್ಲಿ ಹಿಡಿದಿರಿ. ಕಾರು, ಬೈಕು, ಜನ ಎಲ್ಲ ಒಟ್ಟಿಗೆ ನುಗ್ಗುವಾಗ ನೀವು ನುಗ್ಗಬೇಡಿ. ಸಿಬ್ಬಂದಿ ಕೈ ತೋರಿಸಿದ ಕಡೆ, ಅಂಚಿನ ಕಂಬಿಗೆ ಸೈಕಲ್ ಒರಗಿಸಿ ಹಿಡಿದುಕೊಂಡೇ ನಿಲ್ಲಿ. ಮುಖ್ಯವಾದ ಮಾತು: ಹತ್ತುವ ಇಳಿಯುವ ಕಬ್ಬಿಣದ ಹಲಗೆ ಸದಾ ಒದ್ದೆ. ಅದರ ಮೇಲೆ ಅಡ್ಡಕ್ಕೆ ಪಟ್ಟಿಗಳಿದ್ದರೂ ಸೈಕಲ್ಲಿನ ಸಪೂರ ಟೈರು, ಹಿಂದೆ ಲಗೇಜಿನ ಭಾರ ಎರಡೂ ಸೇರಿದರೆ ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. ಅದರ ಮೇಲೆ ತುಳಿಯಬೇಡಿ. ಇಳಿದು, ಎರಡೂ ಬ್ರೇಕಿನ ಮೇಲೆ ಬೆರಳಿಟ್ಟು ತಳ್ಳಿಕೊಂಡು ಹೋಗಿ. ಬಂದರಿಗೆ ದೊಡ್ಡ ಹಡಗು ಒಳಬರುವ ಹೊತ್ತಾಗಿದ್ದರೆ ರೋ-ರೋ ಸ್ವಲ್ಪ ಕಾಯುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಅಷ್ಟು ದೊಡ್ಡ ಹಡಗು ಅಷ್ಟು ಹತ್ತಿರದಲ್ಲಿ ಹೋಗುವುದನ್ನು ಸೈಕಲ್ ಹಿಡಿದುಕೊಂಡು ನೋಡುವ ಅವಕಾಶ ಬೇರೆಲ್ಲಿ ಸಿಗುತ್ತದೆ?

ಇಳಿದು ದಡದುದ್ದಕ್ಕೂ ಬಲಕ್ಕೆ ಹೋದರೆ ಚೀನಾ ಬಲೆಗಳ ಸಾಲು. ಫೋಟೋದಲ್ಲಿ ಎಲ್ಲರೂ ನೋಡಿರುತ್ತಾರೆ, ಆದರೆ ಫೋಟೋದಲ್ಲಿ ಕಾಣದ್ದು ಆ ಕಲ್ಲುಗಳು. ಬಲೆ ಕಟ್ಟಿದ ಉದ್ದ ಮರದ ಇನ್ನೊಂದು ತುದಿಗೆ ಹಗ್ಗದಲ್ಲಿ ದೊಡ್ಡ ದೊಡ್ಡ ಕಲ್ಲು ಇಳಿಬಿಟ್ಟಿರುತ್ತಾರೆ. ನಾಲ್ಕೈದು ಜನ ಹಗ್ಗ ಜಗ್ಗುತ್ತಾರೆ, ಬಲೆ ಮೇಲೇಳುತ್ತದೆ, ಇತ್ತ ಕಲ್ಲುಗಳು ಒಂದೊಂದಾಗಿ ಕೆಳಗಿಳಿದು ಹಲಗೆಯ ಮೇಲೆ ಕೂರುತ್ತವೆ. ಬಲೆಯ ಭಾರಕ್ಕೆ ಕಲ್ಲಿನ ಭಾರ ಸಮ, ಮನುಷ್ಯರ ಕೈ ಸ್ವಲ್ಪ ತಾಗಿದರೆ ಸಾಕು. ಗೇರ್ ಬದಲಾಯಿಸಿ ಏರು ಹತ್ತುವವರಿಗೆ ಇದರ ಲೆಕ್ಕ ತಕ್ಷಣ ಅರ್ಥವಾಗುತ್ತದೆ.

ಇಷ್ಟು ಹೊತ್ತಿಗೆ ಹನ್ನೊಂದು, ಹನ್ನೆರಡು ಗಂಟೆ. ನೀವು ತುಳಿದಿರುವುದು 40 ಕಿಲೋಮೀಟರಿನ ಆಸುಪಾಸು. ಅವತ್ತಿಗೆ ಅಷ್ಟೇ ಸಾಕು. ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು ಇದು: ದೊಡ್ಡ ಊರು ಬಂದ ದಿನ ಕಿಲೋಮೀಟರ್ ಎಣಿಸಬೇಡಿ. 100 ಕಿಲೋಮೀಟರ್ ತುಳಿದು ಸುಸ್ತಾಗಿ ಸಂಜೆ ಆರಕ್ಕೆ ನಗರ ಹೊಕ್ಕರೆ ಬಿಸಿಲು, ಹಸಿವು, ಆಫೀಸು ಬಿಟ್ಟ ಜನ, ಗೊತ್ತಿಲ್ಲದ ಸಿಗ್ನಲ್ಲು ಎಲ್ಲ ಒಂದೇ ಸಲ ಮೈಮೇಲೆ ಬರುತ್ತವೆ. ಅದೇ ಊರಿಗೆ ಮಧ್ಯಾಹ್ನದ ಮುಂಚೆ, ಕಾಲಲ್ಲಿ ಶಕ್ತಿ ಇರುವಾಗ ಹೋದರೆ ಊರೇ ಬೇರೆ ಥರ ಕಾಣುತ್ತದೆ.

ರೂಮು ಮಾಡಿ, ಸ್ನಾನ ಮುಗಿಸಿ, ಲಗೇಜ್ ಇಳಿಸಿ ಬರೀ ಸೈಕಲ್ ತೆಗೆದುಕೊಂಡು ಹೊರಡಿ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ ಎರಡೂ ಸೈಕಲ್‌ಗೆ ಹೇಳಿ ಮಾಡಿಸಿದ ಜಾಗ, ಏರು ಅನ್ನುವುದೇ ಇಲ್ಲ. ಸೇಂಟ್ ಫ್ರಾನ್ಸಿಸ್ ಚರ್ಚ್ ಹತ್ತಿರವೇ ಇದೆ. ವಾಸ್ಕೊ ಡ ಗಾಮ 1524ರಲ್ಲಿ ಇದೇ ಊರಿನಲ್ಲಿ ಸತ್ತ, ಅವನನ್ನು ಮೊದಲು ಮಣ್ಣು ಮಾಡಿದ್ದು ಇಲ್ಲಿ. ಆಮೇಲೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು, ಸಮಾಧಿ ಕಲ್ಲು ಉಳಿದಿದೆ. ಒಳಗೆ ಮೇಲೆ ನೋಡಿ, ಬಟ್ಟೆಯ ಉದ್ದನೆಯ ಬೀಸಣಿಗೆಗಳಿವೆ, ಅವುಗಳ ಹಗ್ಗ ಗೋಡೆಯಾಚೆ ಹೋಗುತ್ತದೆ. ಒಳಗಿನವರಿಗೆ ಗಾಳಿ ಬರಲಿ ಅಂತ ಹೊರಗೆ ಬಿಸಿಲಲ್ಲಿ ಕೂತು ಯಾರೋ ಎಳೆಯುತ್ತಿದ್ದರು. ವಾಸ್ಕೊನ ಕಲ್ಲಿಗಿಂತ ಆ ಹಗ್ಗದ ತೂತುಗಳೇ ನನಗೆ ಹೆಚ್ಚು ನೆನಪಿನಲ್ಲಿವೆ.

ಮಟ್ಟಾಂಚೇರಿಯ ಬಜಾರ್ ರಸ್ತೆಯಲ್ಲಿ ಮೆಣಸು, ಒಣಶುಂಠಿ, ಏಲಕ್ಕಿಯ ಹಳೆಯ ಗೋದಾಮುಗಳಿವೆ. ಸೈಕಲ್ ನಿಧಾನ ಬಿಟ್ಟರೆ ಒಂದೊಂದು ಬಾಗಿಲಿಗೆ ಒಂದೊಂದು ವಾಸನೆ. ಕಾರಿನಲ್ಲಿ ಹೋದವರಿಗೆ ಇದು ಸಿಗುವುದಿಲ್ಲ. 1568ರ ಪರದೇಶಿ ಸಿನಗಾಗ್ ಶನಿವಾರ ಮುಚ್ಚಿರುತ್ತದೆ, ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಇವೆರಡು ವಾರ ತಪ್ಪಿಸಿ ಬರುವಂತೆ ದಿನ ಹೊಂದಿಸಿಕೊಳ್ಳಿ. ಇನ್ನೊಂದು ವಿಷಯ, ನೀವು ಕುಂದಾಪುರದವರಾದ್ದರಿಂದ ಹೇಳುತ್ತೇನೆ. ಅಲ್ಲೇ ಚೆರ್ಲಾಯಿಯಲ್ಲಿ ಕೊಚ್ಚಿ ತಿರುಮಲ ದೇವಸ್ವಂ ಇದೆ, ಗೌಡ ಸಾರಸ್ವತರ ದೇವಸ್ಥಾನ. ಸುತ್ತಲಿನ ಬೀದಿಗಳಲ್ಲಿ ಕೊಂಕಣಿ ಕೇಳಿಸುತ್ತದೆ. ನಿಮಗೆ ಕೊಂಕಣಿ ಬರುವುದಾದರೆ ಮಲಯಾಳದ ಚಿಂತೆ ಅಲ್ಲಿ ಅರ್ಧ ಇಳಿದಂತೆಯೇ.

ಭಾಷೆಗೆ ಹೆದರಬೇಡಿ. ಬೋರ್ಡುಗಳು ಇಂಗ್ಲಿಷಿನಲ್ಲೂ ಇರುತ್ತವೆ. ದಾರಿ ಕೇಳುವಾಗ ಊರಿನ ಹೆಸರು ಹೇಳಿ ಕೈ ತೋರಿಸಿದರೆ ಸಾಕು. "ವಲತ್ತು" ಬಲ, "ಇಡತ್ತು" ಎಡ, "ನೇರೆ" ನೇರ. ಅಂಗಡಿಯವರನ್ನೋ ಆಟೋದವರನ್ನೋ ಕೇಳಿ. ಸೈಕಲ್ ಮೇಲೆ ಬ್ಯಾಗು ಕಟ್ಟಿಕೊಂಡು ಬಂದವರನ್ನು ಕಂಡರೆ ಅವರೇ ಎದ್ದು ಬಂದು ಎಲ್ಲಿಂದ, ಎಲ್ಲಿಗೆ ಅಂತ ವಿಚಾರಿಸುತ್ತಾರೆ.

ಹೋಟೆಲಿನಲ್ಲಿ ಗುಲಾಬಿ ಬಣ್ಣದ ಬಿಸಿನೀರು ತಂದಿಟ್ಟರೆ ಗಾಬರಿಯಾಗಬೇಡಿ. ಪದಿಮುಖಂ ಅನ್ನುವ ಮರದ ಚಕ್ಕೆ ಹಾಕಿ ಕುದಿಸಿದ ನೀರು ಅದು. ದೂರದ ಪ್ರಯಾಣದಲ್ಲಿ ಹೊಟ್ಟೆ ಕೆಟ್ಟರೆ ಎಲ್ಲವೂ ಕೆಟ್ಟಂತೆ, ಕುದಿಸಿದ ನೀರು ಸುಮ್ನೆ ಸಿಗುವಾಗ ಬಾಟಲಿಗೂ ತುಂಬಿಸಿಕೊಳ್ಳಿ. ಬಿಸಿಲಿಗೆ ಉಪ್ಪು ಹಾಕಿದ ನಿಂಬೆ ಸೋಡಾ ಕುಡಿಯಿರಿ. ಅಲ್ಲಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಬರೀ ನೀರು ಕುಡಿದರೆ ಸಂಜೆ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಮರುದಿನ ಹೊರಡುವುದೂ ಹೆದ್ದಾರಿಯಲ್ಲಲ್ಲ. ತೋಪ್ಪುಂಪಡಿಯಿಂದ ದಕ್ಷಿಣಕ್ಕೆ ಕಣ್ಣಮಾಲಿ, ಚೆಲ್ಲಾನಂ, ಅಂಧಕಾರನಳಿ, ಅರ್ತುಂಗಲ್ ಮೇಲೆ ಕಡಲ ಪಕ್ಕದ ರಸ್ತೆಯಲ್ಲಿ ಆಲಪ್ಪುಳ. ಒಟ್ಟು 55 ಕಿಲೋಮೀಟರಿನಷ್ಟು. ಚೆಲ್ಲಾನಂನಲ್ಲಿ ಮಳೆಗಾಲದಲ್ಲಿ ಸಮುದ್ರ ಮನೆಯೊಳಗೇ ನುಗ್ಗುತ್ತಿತ್ತು, ಈಗ ನಾಲ್ಕು ಕಾಲಿನ ದೊಡ್ಡ ಕಾಂಕ್ರೀಟ್ ದಿಮ್ಮಿಗಳನ್ನು ಪೇರಿಸಿ ಗೋಡೆ ಕಟ್ಟಿದ್ದಾರೆ. ಉಳ್ಳಾಲ, ಮರವಂತೆಯ ಕಡಲ್ಕೊರೆತ ನೋಡಿದ ನಮ್ಮ ಕರಾವಳಿಯವರು ಆ ಗೋಡೆಯ ಹತ್ತಿರ ಒಂದು ಗಳಿಗೆ ನಿಲ್ಲಬೇಕು. ಅರ್ತುಂಗಲ್ ಚರ್ಚಿನಲ್ಲಿ ಶಬರಿಮಲೆಯಿಂದ ಬಂದ ಅಯ್ಯಪ್ಪ ಭಕ್ತರು ಮಾಲೆ ತೆಗೆಯುವ ವಾಡಿಕೆ ಇದೆ, ನೀವು ಹೋಗುವ ಕಾಲಕ್ಕೆ ಕಪ್ಪು ಪಂಚೆಯವರು ಅಲ್ಲಿ ಕಂಡರೆ ಕಾರಣ ಅದು.

ಡಿಸೆಂಬರ್ ಅಂದಿದ್ದೀರಿ, ಒಂದು ಎಚ್ಚರಿಕೆ. ತಿಂಗಳ ಕೊನೆಯ ವಾರ ಫೋರ್ಟ್ ಕೊಚ್ಚಿಯಲ್ಲಿ ಕಾರ್ನಿವಲ್. 31ರ ಮಧ್ಯರಾತ್ರಿ ಪಾಪ್ಪಾಂಜಿ ಅನ್ನುವ ದೊಡ್ಡ ಮುದುಕನ ಗೊಂಬೆ ಸುಡುತ್ತಾರೆ, ಜನ ಸಾಗರದಂತೆ ಬರುತ್ತಾರೆ. ಆ ವಾರ ರೂಮು ಸಿಗುವುದು ಕಷ್ಟ, ರೋ-ರೋ ಮುಂದೆ ಸಾಲು ಉದ್ದ. ಹಬ್ಬ ನೋಡಲೇಬೇಕು ಅನ್ನುವುದಾದರೆ ಮೊದಲೇ ರೂಮು ಹಿಡಿದಿಡಿ. ಇಲ್ಲವಾದರೆ ತಿಂಗಳ ಮೊದಲ ಅರ್ಧದಲ್ಲೇ ಹೋಗಿ ಬನ್ನಿ.

ಪ್ರಶ್ನೆ: ಕೇರಳದ ಖಾಸಗಿ ಬಸ್ಸುಗಳ ಬಗ್ಗೆ ಕೇಳಿದರೇ ಭಯ. ದೊಡ್ಡ ಊರಿನ ಟ್ರಾಫಿಕ್‌ನಲ್ಲಿ ಲಗೇಜ್ ಸೈಕಲ್ ಹೇಗೆ ಓಡಿಸುವುದು? (ಶಿವಮೊಗ್ಗದ ಓದುಗರು)

ಭಯ ಸ್ವಲ್ಪ ಇರಲಿ, ಅದು ಒಳ್ಳೆಯದೇ. ಬಸ್ಸಿನವರಿಗೆ ಟೈಮಿನ ಓಟ. ನಿಮ್ಮನ್ನು ಹಿಂದೆ ಹಾಕಿ, ಹತ್ತು ಮಾರು ಮುಂದೆ ಹೋಗಿ, ಗಕ್ಕನೆ ಎಡಕ್ಕೆ ಎಳೆದು ಸ್ಟಾಪಿನಲ್ಲಿ ನಿಲ್ಲಿಸುತ್ತಾರೆ. ಆಗ ಬಸ್ಸಿಗೂ ಅಂಗಡಿಗೂ ನಡುವೆ ಸಂದು ಕಾಣುತ್ತದೆ, ಸೈಕಲ್ ತೂರಬಹುದು ಅನ್ನಿಸುತ್ತದೆ. ತೂರಲೇಬೇಡಿ. ಜನ ಇಳಿಯುವುದು ಅದೇ ಸಂದಿಗೆ, ಬಸ್ಸು ಇನ್ನೂ ಎಡಕ್ಕೆ ಬಂದರೆ ನಿಮಗೆ ಹೋಗಲು ಜಾಗವೇ ಇರುವುದಿಲ್ಲ. ಬಸ್ಸಿನ ಹಿಂದೆಯೇ ನಿಂತು ಕಾಯಿರಿ. ಒಂದು ನಿಮಿಷ ಹೋದರೆ ಹೋಗಲಿ.

ಇನ್ನೊಂದು, ರಸ್ತೆಯ ತೀರಾ ಅಂಚಿಗೆ ಅಂಟಿಕೊಂಡು ಓಡಿಸಬೇಡಿ. ಅಂಚಿನಲ್ಲಿ ಮರಳು, ಡಾಂಬರಿನ ಮೆಟ್ಟಿಲು, ಚರಂಡಿ ಜಾಲರಿ ಎಲ್ಲ ಇರುತ್ತವೆ. ಸೈಕಲ್ ಹೊಯ್ದಾಡಿದರೆ ಹಿಂದಿನವರಿಗೆ ಅಂದಾಜು ಸಿಗುವುದಿಲ್ಲ. ಅಂಚಿನಿಂದ ಎರಡು ಮೂರು ಅಡಿ ಒಳಗೆ, ಗೆರೆ ಎಳೆದ ಹಾಗೆ ನೇರವಾಗಿ ಹೋಗಿ. ಬಲಕ್ಕೆ ಸರಿಯುವ ಮುಂಚೆ ಕನ್ನಡಿ ನೋಡಿ, ಆಮೇಲೆ ಕುತ್ತಿಗೆ ತಿರುಗಿಸಿ ನೋಡಿ, ಆಮೇಲೆ ಕೈ. ಹ್ಯಾಂಡಲಿಗೆ ಒಂದು ಸಣ್ಣ ಕನ್ನಡಿ ಹಾಕಿಸಿಕೊಳ್ಳಿ, ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಹಗಲಲ್ಲೂ ಹಿಂದಿನ ಕೆಂಪು ಲೈಟ್ ಮಿನುಗುತ್ತಿರಲಿ.

ಬ್ಯಾಗು ತುಂಬಿದ ಸೈಕಲ್ ತಕ್ಷಣ ನಿಲ್ಲುವುದಿಲ್ಲ, ತಕ್ಷಣ ಓಡುವುದೂ ಇಲ್ಲ. ಸಿಗ್ನಲ್ಲಿಗೆ ಬರುವಾಗಲೇ ಹಗುರ ಗೇರ್‌ಗೆ ಇಳಿಸಿಡಿ. ಹಸಿರು ಬಿದ್ದಾಗ ಭಾರದ ಗೇರಿನಲ್ಲಿ ಒದ್ದಾಡುತ್ತಾ ಚೌಕದ ನಡುವೆ ಸಿಕ್ಕಿಬೀಳುವವರೇ ಜಾಸ್ತಿ. ತೀರಾ ದೊಡ್ಡ ಸರ್ಕಲ್ ಬಂದರೆ ಇಳಿದು, ನಡೆಯುವವರ ಜೊತೆ ರಸ್ತೆ ದಾಟಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ.

ಕತ್ತಲಲ್ಲಿ ಹೊರಡಬೇಡಿ. ಅಯ್ಯಪ್ಪನ ಸೀಸನ್ನಿನಲ್ಲಿ ರಾತ್ರಿಯಿಡೀ ಓಡಿಸಿ ನಿದ್ದೆಗೆಟ್ಟ ಡ್ರೈವರ್‌ಗಳು ಬೆಳಗಿನ ಜಾವ ಹೆದ್ದಾರಿಯಲ್ಲಿರುತ್ತಾರೆ, ನಮ್ಮ ರಾಜ್ಯದ ಗಾಡಿಗಳೂ ಸೇರಿ.

ಪ್ರಶ್ನೆ: ಊರು ನೋಡಲು ಹೋದಾಗ ಸೈಕಲ್ ಎಲ್ಲಿ ಬಿಡುವುದು? ಗೇರ್ ಸೈಕಲ್ ಕಳುವಾದರೆ ಪ್ರವಾಸವೇ ಮುಗಿದಂತೆ. (ಹುಬ್ಬಳ್ಳಿಯ ವಿದ್ಯಾರ್ಥಿ)

ರೂಮು ಗೊತ್ತು ಮಾಡುವಾಗಲೇ "ಸೈಕಲ್ ಒಳಗೆ ಇಡಲು ಜಾಗ ಇದೆಯಾ" ಅಂತ ಕೇಳಪ್ಪ. ಮೆಟ್ಟಿಲ ಕೆಳಗೆ, ಉಗ್ರಾಣದಲ್ಲಿ, ರಿಸೆಪ್ಷನ್ ಹಿಂದೆ ಎಲ್ಲಿಯಾದರೂ ಸರಿ, ಬೀದಿಯಲ್ಲಿ ಮಾತ್ರ ಬೇಡ. ಜಾಗ ಇಲ್ಲ ಅಂದರೆ ಬೇರೆ ಲಾಡ್ಜ್ ನೋಡು. ಹಗಲಲ್ಲಿ ಚಹಾ ಅಂಗಡಿ ಒಳ್ಳೆಯ ಜಾಗ: ಅಲ್ಲೇ ಚಹಾ ಕುಡಿದು, ಎರಡು ಮಾತಾಡಿ, ಇಲ್ಲಿ ಬಿಟ್ಟು ಹೋಗುತ್ತೇನೆ ನೋಡಿಕೊಳ್ಳಿ ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಕಂಬಿಗೆ ಸೇರಿಸಿ ಬೀಗ ಹಾಕು, ಬರೀ ಚಕ್ರಕ್ಕೆ ಹಾಕಿದರೆ ಎತ್ತಿಕೊಂಡೇ ಹೋಗುತ್ತಾರೆ. ಫೋನು, ದುಡ್ಡು, ಗುರುತಿನ ಚೀಟಿ ಹ್ಯಾಂಡಲ್ ಬ್ಯಾಗಿನಲ್ಲಿದ್ದು, ಆ ಬ್ಯಾಗು ಸದಾ ಹೆಗಲ ಮೇಲಿರಲಿ. ಫ್ರೇಮಿನ ಕೆಳಗಿನ ನಂಬರಿನ ಫೋಟೋ ಒಂದು ತೆಗೆದಿಟ್ಟುಕೋ.

ಪ್ರಶ್ನೆ: ಅಕ್ಕಾ, ನನಗೆ 52. ಮಕ್ಕಳು ದೊಡ್ಡವರಾದರು. ಒಬ್ಬಳೇ ಹೋಗಬೇಕು ಅಂತ ಆಸೆ. ಹಳ್ಳಿ ದಾರಿಗಿಂತ ಗೊತ್ತಿಲ್ಲದ ಪಟ್ಟಣದಲ್ಲಿ ರಾತ್ರಿ ಉಳಿಯುವುದಕ್ಕೇ ಹೆದರಿಕೆ. (ಮೈಸೂರಿನ ಗೃಹಿಣಿ)

ಹೋಗಿ, ಖಂಡಿತ ಹೋಗಿ. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ನಾನೂ ಒಬ್ಬಳೇ ಹೋಗುವವಳು, ನನ್ನ ಲೆಕ್ಕದಲ್ಲಿ ಒಂಟಿ ಹೆಂಗಸಿಗೆ ಪಟ್ಟಣವೇ ಅನುಕೂಲ. ಹಳ್ಳಿಯಲ್ಲಿ ಕತ್ತಲಾದರೆ ಉಳಿಯಲು ಜಾಗ ಹುಡುಕಬೇಕು, ಪಟ್ಟಣದಲ್ಲಿ ಹತ್ತು ಕಡೆ ಇರುತ್ತದೆ. ಫೋರ್ಟ್ ಕೊಚ್ಚಿಯಂಥ ಕಡೆ ಮನೆಯವರೇ ನಡೆಸುವ ಹೋಮ್‌ಸ್ಟೇಗಳು ಬೇಕಾದಷ್ಟಿವೆ. ಮನೆಯಲ್ಲಿ ಹೆಂಗಸರಿದ್ದಾರಾ ಅಂತ ಫೋನಿನಲ್ಲೇ ಕೇಳಿ, ಸಾಧ್ಯವಾದರೆ ಅವರ ಹತ್ತಿರವೇ ಮಾತಾಡಿ. ಮಾತಾಡುವ ರೀತಿಯಲ್ಲೇ ಮನೆ ಎಂಥದ್ದು ಅಂತ ಗೊತ್ತಾಗುತ್ತದೆ.

ಮೊದಲ ದಿನ ಹಗಲಲ್ಲೇ ಊರು ಸೇರಿ, ರೂಮು ಇಷ್ಟವಾಗದಿದ್ದರೆ ಬೇರೆ ಹುಡುಕಲು ಬೆಳಕಿರಬೇಕು. ದಾರಿಯಲ್ಲಿ ಯಾರಾದರೂ "ಇವತ್ತು ಎಲ್ಲಿ ಉಳಿಯುತ್ತೀರಿ" ಅಂದರೆ ಲಾಡ್ಜಿನ ಹೆಸರು ಹೇಳಬೇಡಿ, ಊರಿನ ಹೆಸರು ಸಾಕು. ಗೆಳತಿಯರು ಮುಂದೆ ಕಾಯುತ್ತಿದ್ದಾರೆ ಅನ್ನಿ. ಫೋನಿನಲ್ಲಿ ನೀವಿರುವ ಜಾಗ ಮಕ್ಕಳಿಗೆ ಕಾಣುವಂತೆ ಹಾಕಿಡಿ. ತುರ್ತಿಗೆ 112. ಶೌಚಾಲಯಕ್ಕೆ ಪೆಟ್ರೋಲ್ ಬಂಕು, ದೊಡ್ಡ ಹೋಟೆಲು. ಸಿಕ್ಕಿದ ಕಡೆಯೆಲ್ಲ ಹೋಗಿಬಿಡಿ, ಆಮೇಲೆ ನೋಡೋಣ ಅಂತ ಮುಂದೂಡಬೇಡಿ. ಶೌಚಾಲಯಕ್ಕೆ ಹೆದರಿ ನೀರು ಕುಡಿಯುವುದನ್ನು ಬಿಡುವ ಹೆಂಗಸರನ್ನು ಬಹಳ ನೋಡಿದ್ದೇನೆ, ಆ ಸೆಕೆಯಲ್ಲಿ ಅದು ಅಪಾಯ.

ಪ್ರಶ್ನೆ: ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಗೇರ್ ಸೈಕಲ್ ರಿಪೇರಿ ಆಗುತ್ತದಾ? (ಹಾಸನ)

ಪಂಕ್ಚರ್ ಆಗುತ್ತದೆ, ಗಾಳಿಯದ್ದೇ ತೊಂದರೆ. ನಿಮ್ಮ ಟ್ಯೂಬಿನ ವಾಲ್ವ್ ಸಪೂರದ ಪ್ರೆಸ್ಟಾ ಆಗಿದ್ದರೆ ಅಲ್ಲಿಯ ಪೈಪು ಕೂರುವುದಿಲ್ಲ. ಅದಕ್ಕೊಂದು ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಬೆರಳ ತುದಿಯಷ್ಟಿರುತ್ತದೆ, ಎರಡು ಇಟ್ಟುಕೊಳ್ಳಿ. ಎರಡು ಟ್ಯೂಬು, ಟೈರ್ ಲಿವರ್, ಕೈಪಂಪು, ಚೈನಿನ ಎಣ್ಣೆ ಇಷ್ಟು ಬೇಕೇ ಬೇಕು. ಕಡಲ ಪಕ್ಕ ತುಳಿದ ದಿನ ರಾತ್ರಿ ಚೈನನ್ನು ಒಣ ಬಟ್ಟೆಯಿಂದ ಒರೆಸಿ ಎಣ್ಣೆ ಬಿಡಿ, ಉಪ್ಪುಗಾಳಿಗೆ ಬೆಳಗಾಗುವುದರೊಳಗೆ ತುಕ್ಕಿನ ಬಣ್ಣ ಬಂದಿರುತ್ತದೆ. ಗೇರಿನ ತಂತಿ, ಬ್ರೇಕಿನಂಥ ದೊಡ್ಡ ರಿಪೇರಿ ಇದ್ದರೆ ನಗರ ಬರುವವರೆಗೆ ಕಾಯಿರಿ, ಅಲ್ಲಿ ಒಳ್ಳೆಯ ಅಂಗಡಿಗಳು ಸಿಗುತ್ತವೆ. ನಗರಕ್ಕೆ ಹೋಗಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ದೂರದ ಸೈಕಲ್ ಪ್ರವಾಸ ಅಂದರೆ ಕಾಡು, ಘಾಟಿ, ಹಳ್ಳಿ. ನಗರದಲ್ಲಿ ಹೊಗೆ ಕುಡಿದುಕೊಂಡು ತುಳಿಯುವುದರಲ್ಲಿ ಏನು ಸುಖ? ಮೆಟ್ರೋದಲ್ಲಿ ಸೈಕಲ್ ಹಾಕಿ ದಾಟಿಬಿಡಬಹುದಲ್ಲ? (ಬೆಂಗಳೂರಿನ ಓದುಗರು)

ಕೊಚ್ಚಿ ಮೆಟ್ರೋದಲ್ಲಿ 2020ರಿಂದ ಸೈಕಲ್‌ಗೆ ಅವಕಾಶ ಇದೆ, ಆಲುವಾದಿಂದ ತೃಪ್ಪೂಣಿತುರದವರೆಗೆ ಲೈನು. ಬೇಕಾದರೆ ಹೋಗಬಹುದು, ಆದರೆ ನಾಲ್ಕು ಬ್ಯಾಗು ಕಟ್ಟಿದ ಸೈಕಲ್ ಹಿಡಿದು ಜನ ತುಂಬಿದ ಹೊತ್ತಿನಲ್ಲಿ ಹತ್ತುವುದು ನಿಮಗೂ ಕಷ್ಟ, ಉಳಿದವರಿಗೂ ಕಷ್ಟ.

ಸುಖದ ಮಾತಿಗೆ ಬಂದರೆ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಘಾಟಿಯ ಸುಖ ನನಗೂ ಗೊತ್ತು. ಆದರೆ ಒಂದು ನಾಡಿನಲ್ಲಿ ತುಳಿದು ಹೋಗುತ್ತಾ ಅದರ ಜನ ಎಲ್ಲಿ ಕೆಲಸ ಮಾಡುತ್ತಾರೆ, ಏನು ಮಾರುತ್ತಾರೆ, ಸಂಜೆ ಎಲ್ಲಿ ಕೂರುತ್ತಾರೆ ಅನ್ನುವುದನ್ನು ನೋಡದೆ ಬರೀ ಮರ ಗುಡ್ಡ ನೋಡಿ ಬಂದರೆ ಆ ನಾಡಿನ ಅರ್ಧವೂ ನೋಡಿದ ಹಾಗಾಗಲಿಲ್ಲ. ಕೊಚ್ಚಿಯಲ್ಲೇ ನೋಡಿ, ಬಂದರಿಗಾಗಿ ಹೂಳೆತ್ತಿದ ಮಣ್ಣನ್ನು ಸುರಿದು ಮಾಡಿದ ವಿಲಿಂಗ್ಡನ್ ದ್ವೀಪ ಇದೆ, ಅದರ ಮೇಲೆ ರೈಲು, ರಸ್ತೆ, ಕಚೇರಿ ಎಲ್ಲ. ಕಂಟೇನರ್ ಹೊತ್ತ ಹಡಗಿನ ಪಕ್ಕದಲ್ಲೇ ಒಬ್ಬ ಸಣ್ಣ ದೋಣಿಯಲ್ಲಿ ಬಲೆ ಬೀಸುತ್ತಿರುತ್ತಾನೆ. 2023ರಲ್ಲಿ ಶುರುವಾದ ವಾಟರ್ ಮೆಟ್ರೋ ದೋಣಿಯಲ್ಲಿ ಜನ ಆಫೀಸಿಗೆ ಹೋಗುತ್ತಾರೆ. ಇದನ್ನೆಲ್ಲ ಸೈಕಲ್ಲಿನಷ್ಟು ಚೆನ್ನಾಗಿ ತೋರಿಸುವ ಗಾಡಿ ಬೇರೆ ಇಲ್ಲ: ನಡೆದರೆ ಊರು ಮುಗಿಯುವುದಿಲ್ಲ, ಕಾರಿನಲ್ಲಿ ಕೂತರೆ ಊರು ಕಾಣುವುದಿಲ್ಲ. ಹೊಗೆ ಇರುವ ರಸ್ತೆ ಪ್ರತಿ ನಗರದಲ್ಲೂ ಇರುತ್ತದೆ, ಅದರ ಪಕ್ಕದಲ್ಲೇ ಹಳೆಯ ರಸ್ತೆಯೂ ಇರುತ್ತದೆ. ನಕ್ಷೆಯಲ್ಲಿ ನದಿ, ಕೆರೆ, ಕಡಲು, ಹಳೇ ಪೇಟೆ ಎಲ್ಲಿದೆ ನೋಡಿ, ಆ ಕಡೆಯಿಂದ ಒಳಗೆ ಹೋಗಿ. ನಿಮ್ಮ ಬೆಂಗಳೂರಿಗೆ ಸೈಕಲ್ಲಿನಲ್ಲಿ ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಬಂದು ಚಿಕ್ಕಪೇಟೆ, ಅವೆನ್ಯೂ ರಸ್ತೆಯಲ್ಲಿ ಸುತ್ತಿ ಅಂತ.

ಪ್ರಶ್ನೆ: ಕನ್ಯಾಕುಮಾರಿಯಿಂದ ವಾಪಸ್ ಬರುವಾಗ ಸೈಕಲ್ ರೈಲಿನಲ್ಲಿ ತರಬಹುದಾ? (ಪುತ್ತೂರು)

ತರಬಹುದು. ನಿಮ್ಮ ಟಿಕೆಟ್ ತೋರಿಸಿ ಪಾರ್ಸೆಲ್ ಆಫೀಸಿನಲ್ಲಿ ಲಗೇಜ್ ಅಂತ ಬುಕ್ ಮಾಡಿದರೆ ಅದೇ ರೈಲಿನ ಲಗೇಜ್ ಬೋಗಿಯಲ್ಲಿ ಸೈಕಲ್ ಬರುತ್ತದೆ. ರೈಲು ಹೊರಡುವ ಸ್ಟೇಷನ್‌ನಲ್ಲಿ ಹತ್ತಿಸಿ, ಕೊನೆಯ ಸ್ಟೇಷನ್‌ನಲ್ಲಿ ಇಳಿಸುವಂತೆ ನೋಡಿಕೊಳ್ಳಿ. ನಡುವಿನ ಸ್ಟೇಷನ್‌ಗಳಲ್ಲಿ ರೈಲು ಎರಡು ನಿಮಿಷ ನಿಂತರೆ ಸೈಕಲ್ ಇಳಿಸದೆ ಮುಂದೆ ಹೋಗಿಬಿಡುವ ಸಾಧ್ಯತೆ ಇರುತ್ತದೆ. ಪುತ್ತೂರಿನವರಿಗೆ ಮಂಗಳೂರು ಸೆಂಟ್ರಲ್‌ಗೆ ಬರುವ ಪರಶುರಾಮ್ ಎಕ್ಸ್‌ಪ್ರೆಸ್ ಸರಿಹೋಗುತ್ತದೆ, ಬೆಂಗಳೂರಿನವರಿಗೆ ಐಲ್ಯಾಂಡ್ ಎಕ್ಸ್‌ಪ್ರೆಸ್.

ಹಿಂದಿನ ದಿನವೇ ಪಾರ್ಸೆಲ್ ಆಫೀಸಿಗೆ ಹೋಗಿ ಆ ರೈಲಿಗೆ ಲಗೇಜ್ ತೆಗೆದುಕೊಳ್ಳುತ್ತಾರಾ, ಎಷ್ಟು ಹೊತ್ತು ಮುಂಚೆ ಬರಬೇಕು ಅಂತ ಕೇಳಿ ಬನ್ನಿ. ಬ್ಯಾಗು, ಲೈಟು, ಪಂಪು, ಬಾಟಲಿ, ಸೈಕಲ್ ಕಂಪ್ಯೂಟರ್ ಎಲ್ಲ ಬಿಚ್ಚಿ ನಿಮ್ಮ ಜೊತೆ ಇಟ್ಟುಕೊಳ್ಳಿ. ಪೆಡಲ್ ಕಳಚಿ, ಹ್ಯಾಂಡಲ್ ಅಡ್ಡ ತಿರುಗಿಸಿ. ಹಿಂದಿನ ಗೇರ್ ಇರುವ ಜಾಗಕ್ಕೆ ದಪ್ಪ ರಟ್ಟು ಸುತ್ತಿ ಹಗ್ಗ ಬಿಗಿಯಿರಿ, ಮೂಟೆಗಳ ನಡುವೆ ಮೊದಲು ಬಗ್ಗುವುದು ಅದೇ. ಹೆಸರು, ಫೋನ್ ನಂಬರ್, ಇಳಿಯುವ ಸ್ಟೇಷನ್ ಬರೆದ ರಟ್ಟನ್ನು ಎರಡು ಕಡೆ ಕಟ್ಟಿ. ರಸೀದಿ ಜೋಪಾನ, ಅದಿಲ್ಲದೆ ಸೈಕಲ್ ಕೊಡುವುದಿಲ್ಲ. ಮಂಗಳೂರಿನಲ್ಲಿ ಬಿಡಿಸಿಕೊಂಡ ಮೇಲೆ ಚಕ್ರ ತಿರುಗಿಸಿ, ಬ್ರೇಕ್ ಹಿಡಿದು, ಗೇರ್ ಎಲ್ಲ ಒಂದು ಸಲ ಹಾಕಿ ನೋಡಿಯೇ ಪುತ್ತೂರಿನ ದಾರಿ ಹಿಡಿಯಿರಿ.